ಮನೆಯ ಹಿರಿಯರ ದನಿ, ಹಳೆಯ ಕಾಗದ, ಮುಳುಗಿದ ಊರು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಅಮ್ಮಮ್ಮನ ಊರು ಶರಾವತಿ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ಸೀಮೆಯ ಎಷ್ಟೋ ಊರುಗಳ ಜೊತೆ ಅದೂ ನೀರಿಗೆ ಹೋಯಿತು. ನಮ್ಮ ಕಡೆ ಇದಕ್ಕೆ ಒಂದೇ ಮಾತು: ಮುಳುಗಡೆ. ಆ ಊರುಗಳಲ್ಲಿ ಬಾಳಿದವರ ಮಾತನ್ನು ಕೆಲವು ವರ್ಷಗಳಿಂದ ರೆಕಾರ್ಡ್ ಮಾಡಿ ಇಡುತ್ತಿದ್ದೇನೆ. ಇಂಥ ಕೆಲಸಕ್ಕೆ ಮೌಖಿಕ ಇತಿಹಾಸ ಅನ್ನುತ್ತಾರೆ. ಮೊದಲು ನಮ್ಮ ಮನೆಯವರದು, ಆಮೇಲೆ ನೆಂಟರದು, ಈಗ ಕರೆದವರ ಮನೆಗೆಲ್ಲ ಹೋಗುತ್ತೇನೆ. ಹೋದಲ್ಲೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ನಿಮ್ಮದು ಮುಳುಗಡೆ ಮನೆ ಆಗಿರಬೇಕಿಲ್ಲ. ಯಾವ ಊರಿನವರಿಗೂ ಇದು ಹೊಂದುತ್ತದೆ.

ಮೌಖಿಕ ಇತಿಹಾಸ ಅಂದರೆ ಅಜ್ಜಿ ಕಥೆ ಕೇಳುವುದೇ ಅಲ್ವಾ?

ಹತ್ತಿರದ್ದೇ, ಆದರೂ ಬೇರೆ. ಅಜ್ಜಿ ಹೇಳುವ ರಾಜಕುಮಾರನ ಕಥೆ, ಸೋಬಾನೆ ಹಾಡು, ಮಲೆ ಮಾದೇಶ್ವರನ ಕಾವ್ಯ ಇವೆಲ್ಲ ತಲೆಮಾರುಗಳಿಂದ ಬಂದ ಸೊತ್ತು. ಅದನ್ನು ಜಾನಪದ ಅನ್ನುತ್ತೇವೆ. ಆ ದಾರಿಯಲ್ಲಿ ನಮ್ಮಲ್ಲಿ ದೊಡ್ಡ ಕೆಲಸ ಆಗಿದೆ. 1990ರ ಡಿಸೆಂಬರಿನಲ್ಲಿ ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ವಿವೇಕ ರೈ ಮತ್ತು ಚಿನ್ನಪ್ಪ ಗೌಡ ಸೇರಿ ದಾಖಲಿಸಿದರು. ಬರೆದು ಮುಗಿಸಿದಾಗ 15,683 ಸಾಲು ಆಗಿತ್ತು.

ಮೌಖಿಕ ಇತಿಹಾಸದಲ್ಲಿ ನಾವು ಕೇಳುವುದು ಅವರು ತಾವೇ ಬಾಳಿದ್ದನ್ನು. ಅಜ್ಜಿಯ ಮದುವೆ ಹೇಗೆ ಆಯಿತು, ಹೆರಿಗೆ ಎಲ್ಲಿ ಆಯಿತು, ಊರು ಬಿಟ್ಟ ದಿನ ಲಾರಿಯಲ್ಲಿ ಏನೇನು ಹೇರಿದರು. ಕೇಳುವವರು ಯಾರು, ಯಾವ ದಿನ, ಯಾವ ಮನೆಯಲ್ಲಿ ಕೂತು ಕೇಳಿದರು ಅನ್ನುವುದೂ ಅದರೊಳಗೇ ಇರಬೇಕು.

ನಮ್ಮಜ್ಜಿ ತೀರಾ ಸಾಮಾನ್ಯರು. ಅವರ ಬದುಕಿನಲ್ಲಿ ದಾಖಲಿಸುವಂಥದ್ದು ಏನಿದೆ?

ಹೆಚ್ಚು ಕೇಳುವ ಪ್ರಶ್ನೆ ಇದು. ಕೇಳಿದಾಗಲೆಲ್ಲ ಸಂಕಟ ಆಗುತ್ತದೆ.

ಮುಳುಗಡೆಯ ವಿಷಯವನ್ನೇ ನೋಡಿ. ಸರ್ಕಾರದ ಕಾಗದದಲ್ಲಿ ಎಕರೆ ಇದೆ, ಗುಂಟೆ ಇದೆ, ಪರಿಹಾರದ ರೂಪಾಯಿ ಇದೆ. ನೀರಿನ ಪೂರ್ಣ ಮಟ್ಟ 1,819 ಅಡಿ ಎಂದು ಇದೆ. ಹೊಸ ಊರಿಗೆ ಹೊಡೆದುಕೊಂಡು ಬಂದ ಹಸು ಎರಡೇ ದಿನಕ್ಕೆ ಹಗ್ಗ ಹರಿದುಕೊಂಡು ಹಳೆಯ ಕೊಟ್ಟಿಗೆಗೆ ವಾಪಸ್ ಹೋಗಿ ನಿಂತಿತ್ತು ಅನ್ನುವುದು ಯಾವ ಕಡತದಲ್ಲೂ ಇಲ್ಲ. ಅದನ್ನು ಹುಡುಕಿಕೊಂಡು ಹೋದದ್ದು ನಮ್ಮ ಅಮ್ಮಮ್ಮ. ಖಾಲಿ ಮನೆ, ಹೆಂಚು ಕಿತ್ತ ಮಾಡು, ಬಾಗಿಲಲ್ಲಿ ಆ ಹಸು. ಅವರು ಹೇಳದೆ ಹೋಗಿದ್ದರೆ ನಮಗೆ ಅದು ಗೊತ್ತೇ ಆಗುತ್ತಿರಲಿಲ್ಲ.

ಸಾಮಾನ್ಯರ ವಿಷಯ ಬರೆದಿಡುವ ರೂಢಿ ನಮ್ಮಲ್ಲಿ ಹೊಸದೇನೂ ಅಲ್ಲ. ಊರ ದನ ಬಿಡಿಸಲು ಹೋಗಿ ಸತ್ತವನಿಗೆ ವೀರಗಲ್ಲು ನೆಟ್ಟರು. ಉತ್ತರ ಕರ್ನಾಟಕದಲ್ಲಿ ಹೆಳವರು ಎತ್ತು ಹೊಡೆದುಕೊಂಡು ಊರೂರು ತಿರುಗಿ, ಒಕ್ಕಲು ಮನೆಗಳ ವಂಶಾವಳಿಯನ್ನು ತಲೆಮಾರುಗಳ ಹಿಂದಿನಿಂದ ಹೇಳುತ್ತಾರೆ. ಮೂಲ ಊರು ಯಾವುದು, ಯಾಕೆ ಬಿಟ್ಟು ಬಂದರು, ಯಾರಿಗೆ ಎಷ್ಟು ಮಕ್ಕಳು, ಎಲ್ಲ ಅವರ ಪುಸ್ತಕದಲ್ಲಿದೆ. ಹೊಸದಾಗಿ ಹುಟ್ಟಿದ ಮಗುವಿನ ಹೆಸರು ಸೇರಿಸಿ, ಕಾಳುಕಡಿ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಹೆಳವರು ಬರುವ ಮನೆ ನಿಮ್ಮದಾಗಿದ್ದರೆ, ಮುಂದಿನ ಸಲ ಅವರ ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿ.

ಇಟಲಿಯಲ್ಲಿ ಪಿಯೆವೆ ಸಾಂತೊ ಸ್ತೆಫಾನೊ ಅನ್ನುವ ಒಂದು ಚಿಕ್ಕ ಊರು ಇದೆ. ಅಲ್ಲಿ 1984ರಲ್ಲಿ ಸಾಮಾನ್ಯ ಜನರ ಡೈರಿ, ಪತ್ರಗಳಿಗೆಂದೇ ಒಂದು ಸಂಗ್ರಹಾಲಯ ಶುರುವಾಯಿತು. ಕ್ಲೇಲಿಯಾ ಮಾರ್ಕಿ ಎಂಬ ರೈತ ಹೆಂಗಸು ಗಂಡ ತೀರಿಕೊಂಡ ಮೇಲೆ ತನ್ನ ಬದುಕನ್ನು ಬರೆಯುತ್ತಾ ಹೋದಳು. ಬರೆದದ್ದು ಮದುವೆಯಲ್ಲಿ ಬಂದ ಹಾಸಿಗೆಯ ಬಟ್ಟೆಯ ಮೇಲೆ. ಆ ಬಟ್ಟೆ ಇವತ್ತೂ ಅಲ್ಲಿದೆ. ಅದರ ಬಗ್ಗೆ ಓದಿದಾಗ ನನಗೆ ನೆನಪಾದದ್ದು ನಮ್ಮ ಮನೆಯ ಕೌದಿ. ಅದರಲ್ಲಿ ಯಾರ ಸೀರೆ, ಯಾರ ಲಂಗದ ತುಂಡು ಎಲ್ಲಿದೆ ಎಂದು ಅಮ್ಮಮ್ಮ ಬೆರಳಿಟ್ಟು ಹೇಳುತ್ತಿದ್ದರು. ನಾನು ಅದನ್ನು ರೆಕಾರ್ಡ್ ಮಾಡಲಿಲ್ಲ.

"ನಂಗೇನೂ ನೆನಪಿಲ್ಲ" ಅಂತಾರೆ. ಏನು ಮಾಡಲಿ?

"ನಿನ್ನ ಜೀವನದ ಬಗ್ಗೆ ಹೇಳಜ್ಜಿ" ಎಂದು ಕೇಳಿದರೆ ಯಾರಿಗೂ ಏನೂ ನೆನಪಾಗುವುದಿಲ್ಲ. ನಮಗಾದರೂ ಆಗುತ್ತದಾ? ಚಿಕ್ಕದನ್ನು ಕೇಳಿ. ಬೆಳಿಗ್ಗೆ ಎದ್ದು ಮೊದಲು ಎಲ್ಲಿಗೆ ಹೋಗ್ತಿದ್ದಿ? ನೀರು ಎಲ್ಲಿಂದ ಬರ್ತಿತ್ತು? ಹಂಡೆ ಒಲೆಗೆ ಬೆಂಕಿ ಹಾಕೋದು ಯಾರ ಕೆಲಸ?

ನನಗೆ ಎಲ್ಲಕ್ಕಿಂತ ಜಾಸ್ತಿ ಕೈಹಿಡಿದದ್ದು ಮನೆಯ ನಕ್ಷೆ. ಒಂದು ದೊಡ್ಡ ಹಾಳೆ ಹಾಸಿ, "ನಿನ್ನ ತವರು ಮನೆ ಹೇಗಿತ್ತು, ನಾನು ಗೀಚ್ತೀನಿ, ನೀನು ಹೇಳು" ಅಂದೆ. ಅಂಗಳದಿಂದ ಶುರು ಮಾಡಿದೆವು. ಜಗಲಿ, ನಡುಮನೆ, ದೇವರ ಕೋಣೆ, ಬಚ್ಚಲು, ಕೊಟ್ಟಿಗೆ. ನಾನು ಬಚ್ಚಲನ್ನು ತಪ್ಪು ಕಡೆ ಬರೆದೆ. ಅವರು ನನ್ನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು ತಾವೇ ಬರೆದರು. ಅಡಿಕೆ ದಬ್ಬೆಯಲ್ಲಿ ಹರಿದು ಬರುತ್ತಿದ್ದ ಅಬ್ಬಿ ನೀರು, ಅದರ ಪಕ್ಕದ ಕಲ್ಲು, ಆ ಕಲ್ಲಿನ ಮೇಲೆ ಬಿದ್ದು ಹಲ್ಲು ಮುರಿದುಕೊಂಡ ತಮ್ಮ. ಏನೂ ನೆನಪಿಲ್ಲ ಅಂದವರು ಅವತ್ತು ಎರಡು ಗಂಟೆ ಮಾತಾಡಿದರು.

ಕೈಯಲ್ಲಿ ಕೆಲಸ ಇದ್ದರೆ ಮಾತು ಇನ್ನೂ ಸಲೀಸು. ನಮ್ಮ ಕಡೆ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಯ ಮುಂದೆ ಕೂತವರು ಬಿಡದೆ ಮಾತಾಡುತ್ತಾರೆ. ಸದ್ದು ಸ್ವಲ್ಪ ಬರುತ್ತದೆ, ಬರಲಿ ಬಿಡಿ. ಹೂ ಕಟ್ಟುವುದು, ಹಪ್ಪಳ ಲಟ್ಟಿಸುವುದು, ಹುಣಸೆ ಬೀಜ ತೆಗೆಯುವುದು ಯಾವುದಾದರೂ ಸರಿ. ಹಳೆಯ ಪಾತ್ರೆಯನ್ನು ಅಟ್ಟದಿಂದ ಇಳಿಸಿ ಮುಂದಿಡಿ. ಅದರ ಮೇಲೆ ಕೊರೆದ ಹೆಸರು ಯಾರದು ಎಂದು ಕೇಳಿ.

ಇನ್ನೊಂದು ಮಾತು. ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ. ಖಾಲಿ ತುಂಬಿಸಲು ಮುಂದಿನ ಪ್ರಶ್ನೆಗೆ ಹಾರಬೇಡಿ. ನನ್ನ ಮೊದಲ ರೆಕಾರ್ಡಿಂಗುಗಳನ್ನು ಈಗ ಕೇಳಿದರೆ ಅವರ ಮಾತಿನ ನಡುವೆ ನನ್ನದೇ ದನಿ ಬಂದು ಬಂದು ಕಡಿಯುತ್ತದೆ. ಒಂದು ಕಡೆ ಅಮ್ಮಮ್ಮ "ಆವಾಗ ನಮ್ಮಪ್ಪ..." ಎಂದು ನಿಲ್ಲಿಸಿದ್ದಾರೆ. ನಾನು ಊಟದ ವಿಷಯ ಕೇಳಿದ್ದೇನೆ. ಆ ವಾಕ್ಯ ಮುಗಿಯಲೇ ಇಲ್ಲ.

ಇಸವಿ ಹೇಳಲು ಅವರಿಗೆ ಬರುವುದಿಲ್ಲ. ಕಾಲ ಗೊತ್ತುಮಾಡುವುದು ಹೇಗೆ?

ಇಸವಿ ಕೇಳಲೇಬೇಡಿ. ಯಾವುದರ ಹಿಂದೆ, ಯಾವುದರ ಮುಂದೆ ಎಂದು ಕೇಳಿ. ನಮ್ಮ ಕಡೆಯವರಿಗೆ ಒಂದು ಗುರುತು 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟು, ಇನ್ನೊಂದು 1964ರ ಲಿಂಗನಮಕ್ಕಿ. ಮೊದಲನೆಯ ಅಣೆಕಟ್ಟೇ ಎರಡನೆಯದರ ನೀರಿನಲ್ಲಿ ಮುಳುಗಿತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಅದು ಮೇಲೆ ಕಾಣುತ್ತದೆ. ಕಲಬುರಗಿ, ಬೀದರ್, ರಾಯಚೂರಿನ ಹಿರಿಯರಿಗೆ ರಜಾಕಾರರ ಗಲಾಟೆ ಮತ್ತು ನಿಜಾಮರ ಹೈದರಾಬಾದ್ ಭಾರತದ ಕೈಗೆ ಬಂದ 1948ರ ಸೆಪ್ಟೆಂಬರ್ ಗುರುತು. ಉಳುವವನೇ ಹೊಲದೊಡೆಯ ಕಾನೂನು ಬಂದದ್ದು ಎಷ್ಟೋ ಮನೆಗಳ ಕಥೆ ತಿರುಗಿದ ಜಾಗ. "ಡಿಕ್ಲರೇಷನ್ ಹಾಕಿದ ವರ್ಷ" ಅಂದರೆ ಗೇಣಿದಾರರು ಉಳುವ ಜಮೀನಿಗಾಗಿ ಅರ್ಜಿ ಹಾಕಿದ ಕಾಲ, 1974ರ ನಂತರ.

ಹಳೆಯ ಪತ್ರ, ಲೆಕ್ಕದ ಪುಸ್ತಕದಲ್ಲಿ ಸಂವತ್ಸರದ ಹೆಸರು ಇದ್ದರೆ ನಿಮ್ಮ ಅದೃಷ್ಟ. 60 ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ. ಪ್ರಭವ ಅಂದರೆ 1927-28 ಅಥವಾ 1987-88. ಸರ್ವಜಿತು ಅಂದರೆ 1947-48 ಅಥವಾ 2007-08. ಒಬ್ಬ ಅಜ್ಜ "ನಾನು ಹುಟ್ಟಿದ್ದು ತಾರಣ ಸಂವತ್ಸರ" ಅಂದರೆ ಅದು 1944-45 ಎಂದು ಕೂಡಲೇ ತಿಳಿಯುತ್ತದೆ. ಪಂಚಾಂಗ ಬಲ್ಲವರ ಹತ್ತಿರ ತಿಥಿ, ಮಾಸವನ್ನೂ ಕೊಟ್ಟರೆ ದಿನಾಂಕವೇ ಸಿಗುತ್ತದೆ.

ಅವರು ಹೇಳಿದ್ದು ತಪ್ಪಾಗಿದ್ದರೆ?

ಸ್ಥಳದಲ್ಲೇ ತಿದ್ದಬೇಡಿ. ಹಾಗೆಯೇ ಇರಲಿ, ಪಕ್ಕದಲ್ಲಿ ಟಿಪ್ಪಣಿ ಬರೆಯಿರಿ.

ಇಟಲಿಯ ತೆರ್ನಿ ಎಂಬ ಉಕ್ಕಿನ ಊರಿನಲ್ಲಿ 1949ರಲ್ಲಿ ಪೊಲೀಸರ ಗುಂಡಿಗೆ ಒಬ್ಬ ಯುವ ಕಾರ್ಮಿಕ ಸತ್ತ. ವರ್ಷಗಳ ಮೇಲೆ ಅಲೆಸ್ಸಾಂದ್ರೊ ಪೊರ್ತೆಲ್ಲಿ ಎಂಬ ವಿದ್ವಾಂಸ ಅಲ್ಲಿಯ ಹಳಬರನ್ನು ಮಾತಾಡಿಸಿದರು. ಎಷ್ಟೋ ಜನ ಆ ಸಾವು 1953ರಲ್ಲಿ ಆಯಿತು ಅಂದರು. 1953 ಅಂದರೆ ಕಾರ್ಖಾನೆಯಿಂದ ಸಾವಿರಾರು ಜನರನ್ನು ಹೊರಗೆ ಹಾಕಿದ ವರ್ಷ. ಊರಿನ ಮನಸ್ಸಿನಲ್ಲಿ ಎರಡು ನೋವು ಒಂದಕ್ಕೊಂದು ಅಂಟಿಕೊಂಡಿದ್ದವು. ಪೊರ್ತೆಲ್ಲಿ ಆ ತಪ್ಪನ್ನು ಅಳಿಸಲಿಲ್ಲ. ಯಾಕೆ ಹೀಗೆ ನೆನಪಿಟ್ಟುಕೊಂಡರು ಎಂದು ಹುಡುಕಿದರು.

ನಮ್ಮಲ್ಲೂ ಇದೇ ಆಗುತ್ತದೆ. ಊರು ಬಿಟ್ಟದ್ದು ಮಳೆಗಾಲದಲ್ಲಿ ಎಂದು ಅಮ್ಮಮ್ಮ, ಬೇಸಿಗೆಯಲ್ಲಿ ಎಂದು ಅವರ ತಮ್ಮ. ಕಾಗದ ನೋಡಿದರೆ ಬೇಸಿಗೆ. ಅಮ್ಮಮ್ಮನ ನೆನಪಿನಲ್ಲಿ ಮಾತ್ರ ಆ ದಿನ ಪೂರ್ತಿ ಮಳೆ. ಎರಡನ್ನೂ ಇಟ್ಟಿದ್ದೇನೆ.

ಮಾತಾಡುತ್ತಾ ಅತ್ತುಬಿಟ್ಟರೆ?

ರೆಕಾರ್ಡರ್ ನಿಲ್ಲಿಸಲಾ ಎಂದು ಅವರನ್ನೇ ಕೇಳಿ. ನೀರು ಕೊಡಿ, ಪಕ್ಕದಲ್ಲಿ ಕೂರಿ. ಕೆಲವರು ಅತ್ತು ಹಗುರಾಗಿ ಮುಂದುವರಿಸುತ್ತಾರೆ. ಕೆಲವರಿಗೆ ಅವತ್ತಿಗೆ ಸಾಕು. ಮತ್ತೆ ಅದೇ ವಿಷಯವನ್ನು ನೀವಾಗಿ ಎತ್ತಬೇಡಿ. ಮರೆವಿನ ಕಾಯಿಲೆ ಇರುವವರ ಹತ್ತಿರ ಪ್ರಶ್ನೆ ಕಡಿಮೆ ಮಾಡಿ. ಹಳೆಯ ಫೋಟೋ, ಹಾಡು ಮುಂದಿಡಿ. ಅವರಿಗೆ ಪರೀಕ್ಷೆ ಕೊಟ್ಟ ಹಾಗೆ ಆಗಬಾರದು.

ರೆಕಾರ್ಡ್ ಮಾಡಲು ಏನು ಬೇಕು? ಫೋನ್ ಸಾಕಾ?

ಸಾಕು. ಒಳ್ಳೆಯ ಮೈಕ್ ಬರುವ ತನಕ ಕಾಯುತ್ತಾ ಕೂತವರನ್ನು ನೋಡಿದ್ದೇನೆ, ಮೈಕ್ ಬರುವಷ್ಟರಲ್ಲಿ ಅಜ್ಜ ಇರಲಿಲ್ಲ. ಫೋನನ್ನು ಫ್ಲೈಟ್ ಮೋಡಿಗೆ ಹಾಕಿ. ಮಡಿಸಿದ ಟವೆಲ್ ಮೇಲೆ ಅವರ ಹತ್ತಿರ, ಒಂದು ಮೊಳದೊಳಗೆ ಇಡಿ. ಫ್ಯಾನ್, ಟಿವಿ ಆರಿಸಿ. ಮಲೆನಾಡಾದರೆ ಜೋರು ಮಳೆ ಹೊತ್ತಿನಲ್ಲಿ ತಗಡಿನ ಮಾಡಿನ ಕೆಳಗೆ ಕೂರಬೇಡಿ.

ರೆಕಾರ್ಡಿಂಗ್ ಆ್ಯಪಿನಲ್ಲಿ ವೇವ್ ಫೈಲ್ ಆಯ್ಕೆ ಇದ್ದರೆ ಅದನ್ನೇ ಇಟ್ಟುಕೊಳ್ಳಿ. 48 ಕಿಲೋಹರ್ಟ್ಸ್, 24 ಬಿಟ್ ಆದರೆ ಚೆನ್ನ. ಮೋನೊ ಆದರೆ ಗಂಟೆಗೆ ಸುಮಾರು 500 ಎಂಬಿ ಆಗುತ್ತದೆ. ಎಂಪಿ3 ಚಿಕ್ಕದು, ಆದರೆ ದನಿಯ ಸ್ವಲ್ಪ ಭಾಗವನ್ನು ಬಿಟ್ಟುಬಿಡುತ್ತದೆ, ಅದು ಮತ್ತೆ ಬರುವುದಿಲ್ಲ. ವಿಡಿಯೊ ಮಾಡಿದರೆ ಕೈಯ ಸನ್ನೆ, ಮುಖ ಸಿಗುತ್ತದೆ. ಕ್ಯಾಮೆರಾ ಕಂಡರೆ ಬಿಗಿಯಾಗುವವರ ಹತ್ತಿರ ಬರೀ ದನಿಯೇ ಒಳ್ಳೆಯದು.

ಒತ್ತಿದ ಕೂಡಲೇ ಮೊದಲು ನೀವೇ ಹೇಳಿ: ಇವತ್ತು ತಾರೀಖು ಇಷ್ಟು, ಇಂಥ ಊರು, ಇಂಥವರ ಮನೆ, ಮಾತಾಡುವವರು ಇಂಥವರು, ಕೇಳುವವರು ನಾನು. ಇದೊಂದನ್ನು ದಯವಿಟ್ಟು ಬಿಡಬೇಡಿ. ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಎಂದರೆ, ನಮ್ಮ ಮನೆಯಲ್ಲಿ ಒಂದು ಕ್ಯಾಸೆಟ್ ಇದೆ. ಅದರಲ್ಲಿ ಒಬ್ಬ ಹೆಂಗಸು ಸೋಬಾನೆ ಹಾಡುತ್ತಾರೆ. ಎಷ್ಟು ಚಂದದ ದನಿ ಅಂದರೆ ಕೇಳಿದವರು ಎದ್ದು ಹೋಗುವುದಿಲ್ಲ. ಲೇಬಲ್ಲಿನ ಮೇಲೆ ಏನೂ ಇಲ್ಲ. ದೊಡ್ಡಪ್ಪ ಒಂದು ಹೆಸರು ಹೇಳಿದರು, ಅತ್ತೆ ಇನ್ನೊಂದು, ಚಿಕ್ಕಮ್ಮ ಮತ್ತೊಂದು.

ಅಜ್ಜಿಯ ಮಾತು ನಮ್ಮೂರ ಭಾಷೆ. ಬರೆಯುವಾಗ ಶುದ್ಧ ಕನ್ನಡ ಮಾಡಬೇಕಾ?

ಬೇಡ. ಹವಿಗನ್ನಡ ಆಗಲಿ, ಧಾರವಾಡದ ಮಾತಾಗಲಿ, ಕುಂದಾಪುರದ್ದಾಗಲಿ, ಅರೆಭಾಷೆಯಾಗಲಿ, ಬಾಯಲ್ಲಿ ಬಂದ ಹಾಗೇ ಬರೆಯಿರಿ. "ಹೋತು" ಅಂದದ್ದನ್ನು "ಹೋಯಿತು" ಮಾಡಿದರೆ ಆ ಮನುಷ್ಯರೇ ಬದಲಾಗಿಬಿಡುತ್ತಾರೆ. ತುಳು, ಕೊಡವ, ಬ್ಯಾರಿ, ಲಂಬಾಣಿ ಮನೆಮಾತಿನವರು ಮನೆಮಾತಿನಲ್ಲೇ ಕೇಳಿ. ಅನುವಾದ ಆಮೇಲೆ ಮಾಡಿಕೊಳ್ಳಬಹುದು.

ಪೂರ್ತಿ ಬರೆಯುವುದು ನಿಧಾನದ ಕೆಲಸ. ಒಂದು ಗಂಟೆಯ ಮಾತಿಗೆ ನನಗೆ ಒಂದು ಇಡೀ ದಿನ ಬೇಕು. ಅಷ್ಟು ಆಗದಿದ್ದರೆ ಯಾವ ನಿಮಿಷದಲ್ಲಿ ಯಾವ ವಿಷಯ ಬರುತ್ತದೆ ಎಂದು ಒಂದು ಪುಟ ಪಟ್ಟಿ ಮಾಡಿ.

ಟೈಪ್ ಮಾಡುವಾಗ ಯೂನಿಕೋಡಿನಲ್ಲೇ ಮಾಡಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಆಸ್ಕಿ ರೂಪದಲ್ಲಿ ಟೈಪ್ ಮಾಡಿದ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಗೊಂದಲದ ಅಕ್ಷರ. ಅಂಥವು ನಿಮ್ಮಲ್ಲಿದ್ದರೆ ಈಗಲೇ ಪರಿವರ್ತಿಸಿಕೊಳ್ಳಿ, ಅದಕ್ಕೆ ಉಚಿತ ತಂತ್ರಾಂಶಗಳಿವೆ.

ಮನೆಯವರೇ ಅಲ್ವಾ, ಅನುಮತಿ ಯಾಕೆ?

ಯಾಕೆಂದರೆ ಅಜ್ಜಿ ಮಾತಾಡುತ್ತಿರುವುದು ನಿಮ್ಮ ಹತ್ತಿರ. ಊರಿನ ಹತ್ತಿರ ಅಲ್ಲ. ಜಮೀನಿನ ಜಗಳ, ಜಾತಿಯ ಅವಮಾನ, ಹೇಳಬಾರದ ಮದುವೆ, ಸತ್ತ ಮಗು ಎಲ್ಲವೂ ಬರುತ್ತವೆ. ನಾನು ಮೂರು ಪ್ರಶ್ನೆ ಕೇಳುತ್ತೇನೆ. ಇದನ್ನು ಮನೆಯವರು ಕೇಳಬಹುದಾ? ಹೊರಗಿನವರು ಕೇಳಬಹುದಾ? ನೀವಿರುವ ತನಕ ಯಾವುದನ್ನು ಮುಚ್ಚಿಡಬೇಕು? ಉತ್ತರವನ್ನೂ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಓದು ಬರಹ ಬಾರದವರ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಕ್ಕಿಂತ ಅವರ ದನಿಯಲ್ಲೇ ಒಪ್ಪಿಗೆ ಇರುವುದು ಹೆಚ್ಚು ಗೌರವ ಅನ್ನಿಸುತ್ತದೆ.

ಮರುದಿನ ಫೋನ್ ಮಾಡಿ "ಅದೊಂದು ತೆಗಿ ಮಗಾ" ಅಂದರೆ ತೆಗೆಯಬೇಕು. ಎಷ್ಟೇ ಒಳ್ಳೆಯ ಭಾಗ ಆಗಿರಲಿ.

ಪತ್ರಗಳ ವಿಷಯದಲ್ಲೂ ಎಚ್ಚರ ಇರಲಿ. ಕಾಗದ ನಿಮ್ಮ ಪೆಟ್ಟಿಗೆಯಲ್ಲಿದ್ದರೂ, ಅದರಲ್ಲಿ ಬರೆದ ಮಾತಿನ ಹಕ್ಕು ಬರೆದವರದು, ಅವರ ನಂತರ ಅವರ ವಾರಸುದಾರರದು.

ಹಳೆಯ ಫೋಟೋ, ಕಾಗದ, ಕ್ಯಾಸೆಟ್ ಹಾಳಾಗುತ್ತಿವೆ. ಹೇಗೆ ಉಳಿಸಲಿ?

ಫೋಟೋಗೆ ಲ್ಯಾಮಿನೇಷನ್ ಮಾಡಿಸಬೇಡಿ. ನಮ್ಮ ಅಜ್ಜ ಅಜ್ಜಿಯ ಒಂದೇ ಒಂದು ಮದುವೆ ಫೋಟೋವನ್ನು ಒಂದು ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿದೆವು. ಒಳಗೆ ಗಾಳಿಗುಳ್ಳೆ ಎದ್ದು, ಅಜ್ಜಿಯ ಮುಖದ ಅರ್ಧ ಪ್ಲಾಸ್ಟಿಕ್ಕಿಗೆ ಅಂಟಿತು. ಬಿಡಿಸಲು ಆಗುವುದೇ ಇಲ್ಲ. ಸೆಲೋಟೇಪ್, ಅಂಟು ಹಾಳೆಯ ಆಲ್ಬಮ್ ಕೂಡ ಬೇಡ. ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಎಡದಿಂದ ಬಲಕ್ಕೆ ಯಾರ್ಯಾರು ಎಂದು ಬರೆಯಿರಿ.

ಕಾಗದಕ್ಕೆ ದೊಡ್ಡ ಶತ್ರು ತೇವ. ಮಳೆಗಾಲ ಮುಗಿದ ಮೇಲೆ ಒಮ್ಮೆ ಹೊರಗೆ ತೆಗೆದು ನೆರಳಿನಲ್ಲಿ ಗಾಳಿಗೆ ಇಡಿ. ಬಿಸಿಲಿಗೆ ಬೇಡ, ಶಾಯಿ ಮಾಸುತ್ತದೆ. ಹಿಂದಿನವರಿಗೆ ಇದೆಲ್ಲ ಗೊತ್ತಿತ್ತು. ಓಲೆಗರಿಗೆ ಹುಲ್ಲೆಣ್ಣೆ ಸವರುತ್ತಿದ್ದರು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲು ಬಳಿದು ಕಪ್ಪು ಕಡತ ಮಾಡಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಫೈಲಿಗೆ ಇಂದಿಗೂ ಕಡತ ಅನ್ನುತ್ತೇವಲ್ಲ, ಆ ಮಾತು ಅಲ್ಲಿಯದು. ಅಂಥ ಕಪ್ಪು ಮಡಿಕೆ ಬಟ್ಟೆ ಅಟ್ಟದಲ್ಲಿ ಸಿಕ್ಕರೆ ಒರೆಸಿಬಿಡಬೇಡಿ. ಅಕ್ಷರ ಪೂರ್ತಿ ಹೋಗುತ್ತದೆ.

ಮುಳುಗಡೆ ಮನೆಯವರಿಗೆ ಒಂದು ಮಾತು: ನೋಟೀಸು, ಪರಿಹಾರದ ಕಾಗದ, ಹಳೆಯ ಪಹಣಿ ಏನಿದ್ದರೂ ಮೊದಲು ಅದರ ಫೋಟೋ ತೆಗೆಯಿರಿ. 60 ವರ್ಷ ಕಳೆದರೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವ ಕುಟುಂಬಗಳಿವೆ.

ಕ್ಯಾಸೆಟ್ಟಿನಲ್ಲಿ ಬಿಳಿ ಬೂಸ್ಟು ಕಂಡರೆ ಪ್ಲೇಯರಿಗೆ ಹಾಕಬೇಡಿ, ಬೂಸ್ಟು ಯಂತ್ರಕ್ಕೂ ಹತ್ತಿ ಮುಂದಿನ ಕ್ಯಾಸೆಟ್ಟನ್ನೂ ಕೆಡಿಸುತ್ತದೆ. ಚೆನ್ನಾಗಿರುವುದನ್ನು ಈಗಲೇ ಡಿಜಿಟಲ್ ಮಾಡಿ. ಪ್ಲೇಯರ್ ಸಿಗುವುದೇ ಕಷ್ಟವಾಗುತ್ತಿದೆ.

ಫೈಲುಗಳನ್ನು ಎಲ್ಲಿ ಇಡುವುದು?

ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನ, ಒಂದು ಬೇರೆ ಊರಿನಲ್ಲಿ. ನನ್ನದು ಒಂದು ಲ್ಯಾಪ್‌ಟಾಪಿನಲ್ಲಿ, ಒಂದು ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಶಿವಮೊಗ್ಗದ ತಂಗಿಯ ಮನೆಯಲ್ಲಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ್ದೇವೆ, ಸಾಕು ಅಂದುಕೊಳ್ಳಬೇಡಿ. ಅಲ್ಲಿ ಫೋಟೋ ಕುಗ್ಗುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೈಲಿನ ಹೆಸರಲ್ಲೇ ದಿನಾಂಕ, ಊರು, ಹೆಸರು ಇರಲಿ.

ಯಾವುದಾದರೂ ಸಂಸ್ಥೆಗೆ ಕೊಡಬಹುದಾ?

ಕೊಡಬಹುದು. ವಿಧಾನಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯಲ್ಲಿ ಹೆಚ್ಚಿನವು ಸರ್ಕಾರಿ ದಾಖಲೆ. ಓಲೆಗರಿ, ಹಳೆಯ ಹಸ್ತಪ್ರತಿಗೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಂಪಿ ಕನ್ನಡ ವಿಶ್ವವಿದ್ಯಾಲಯ ಇವೆ. ಹಾಡು, ಕಲೆಗೆ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ರಾಮನಗರದ ಜಾನಪದ ಲೋಕ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) 2019ರಲ್ಲಿ ತೆರೆದ ಆರ್ಕೈವ್ಸ್ ವಿಜ್ಞಾನಿಗಳ ಕಾಗದಪತ್ರ, ಮೌಖಿಕ ಇತಿಹಾಸ ಸಂಗ್ರಹಿಸುತ್ತದೆ. ದೇಶ ವಿಭಜನೆ ಕಂಡವರ ನೆನಪಿಗೆ 1947 ಪಾರ್ಟಿಷನ್ ಆರ್ಕೈವ್ ಇದೆ. ಜನರೇ ಜನರನ್ನು ಮಾತಾಡಿಸಿ 10,000ಕ್ಕೂ ಹೆಚ್ಚು ನೆನಪು ಕೂಡಿಸಿದ್ದಾರೆ. ಮುಳುಗಡೆಗೂ ಅಂಥದ್ದೊಂದು ಬೇಕು ಎಂದು ನನ್ನ ಆಸೆ.

ಕೊಡುವ ಮುಂಚೆ ನಿಮ್ಮ ಹತ್ತಿರ ಪ್ರತಿ ಇಟ್ಟುಕೊಳ್ಳಿ. ಯಾರು ನೋಡಬಹುದು ಎಂದು ಬರಹದಲ್ಲಿ ಪಡೆಯಿರಿ. ಕೊಟ್ಟವರ ಹೆಸರು ನಮೂದಾಗಲಿ. 1905ರಲ್ಲಿ ಮೈಸೂರಿನ ಆ ಸಂಶೋಧನಾಲಯದಲ್ಲೇ ಶಾಮಾಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಸಿಕ್ಕಿತು. ಅದನ್ನು ತಂದುಕೊಟ್ಟವರು "ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು" ಎಂದಷ್ಟೇ ಹೇಳುತ್ತಾ ಬಂದಿದ್ದೇವೆ.

ನಾನು ಅಮೆರಿಕದಲ್ಲಿದ್ದೇನೆ. ದೂರದಿಂದ ಆಗುತ್ತದಾ?

ಆಗುತ್ತದೆ. ವಿಡಿಯೊ ಕಾಲ್‌ನಲ್ಲಿ ಮಾತಾಡಿ, ಅಜ್ಜಿಯ ಪಕ್ಕದಲ್ಲಿ ಇನ್ನೊಂದು ಫೋನಿನಲ್ಲಿ ಯಾರಾದರೂ ರೆಕಾರ್ಡ್ ಮಾಡಲಿ. ಆಗ ನೆಟ್‌ವರ್ಕ್ ಕೈಕೊಟ್ಟರೂ ಅವರ ದನಿ ಚೆನ್ನಾಗಿ ಉಳಿಯುತ್ತದೆ.

ನಮ್ಮ ಹಿರಿಯರು ಹೋಗಿಬಿಟ್ಟಿದ್ದಾರೆ. ತಡವಾಯಿತಾ?

ಅವರ ದನಿ ಸಿಗುವುದಿಲ್ಲ, ಆ ಮಟ್ಟಿಗೆ ತಡವಾಯಿತು. ಆದರೆ ಅವರನ್ನು ಬಲ್ಲವರು ಇದ್ದಾರೆ. ತಂಗಿ, ಓರಗೆಯವರು, ತೋಟಕ್ಕೆ ಬರುತ್ತಿದ್ದ ಆಳು, ಹಳೆಯ ನೆರೆಮನೆ. ಮುಳುಗಡೆಯಲ್ಲಿ ಒಂದೇ ಊರಿನವರು ನಾಲ್ಕು ತಾಲ್ಲೂಕಿಗೆ ಚೆದುರಿದ್ದರಿಂದ ಹುಡುಕಿಕೊಂಡು ಹೋಗಬೇಕು. ಹೋದರೆ ನಿಮಗೆ ಗೊತ್ತಿಲ್ಲದ ನಿಮ್ಮ ಅಜ್ಜಿ ಅಲ್ಲಿ ಸಿಗುತ್ತಾರೆ. ನಮ್ಮ ಅಮ್ಮಮ್ಮ ಹುಡುಗಿಯಾಗಿದ್ದಾಗ ದೋಣಿ ನಡೆಸುತ್ತಿದ್ದರಂತೆ. ಮನೆಯಲ್ಲಿ ಯಾರಿಗೂ ಅವರು ಅದನ್ನು ಹೇಳಿರಲೇ ಇಲ್ಲ.

ಸೋಬಾನೆಯ ಆ ಕ್ಯಾಸೆಟ್ಟನ್ನು ಫೋನಿಗೆ ಇಳಿಸಿಕೊಂಡಿದ್ದೇನೆ. ಮದುವೆ, ತಿಥಿ, ಎಲ್ಲಿಗೆ ಹೋದರೂ ಊಟ ಆದ ಮೇಲೆ ಹಿರಿಯರ ಕಿವಿಗೆ ಇಡುತ್ತೇನೆ. ಹೋದ ವರ್ಷ ಒಬ್ಬ ಅಜ್ಜಿ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಹೆಸರು ಗೊತ್ತಾಗಲಿಲ್ಲ. ಆದರೆ "ಈ ಧಾಟಿ ನಮ್ಮಲ್ಲಲ್ಲ, ಹೊಳೆ ಆಚೆ ದಡದವರದು" ಅಂದರು. ಆಚೆ ದಡದವರಲ್ಲಿ ಆ ವಯಸ್ಸಿನವರು ನನಗೆ ಗೊತ್ತಿರುವಂತೆ ಇನ್ನಿಬ್ಬರು ಇದ್ದಾರೆ. ಒಬ್ಬರು ಹೊಸನಗರದ ಹತ್ತಿರ ಮಗನ ಮನೆಯಲ್ಲಿದ್ದಾರೆ. ದೀಪಾವಳಿಗೆ ಹೋಗುತ್ತಿದ್ದೇನೆ.